ಕಂಬದ ಬುಡದವರೆಗೆ ಒಂಬೈನೂರ ನಲವತ್ತು

ಹಂಸನಗಡ್ಡೆ, ಕೃಷ್ಣೆಯ ನಡುವೆ
೨೨೧೩ನೇ ಇಸವಿ, ಹದಿಮೂರನೇ ತಿಂಗಳು, ಮೂವತ್ತೆರಡನೇ ತಾರೀಖು

ನೆಟ್ಟಿನ ವೇಗ ಅಳೆದು, ಅಂಕಿ ನೋಡಿ ಹಿಗ್ಗುವ ನನ್ನ ಹಿರಿಯರಿಗೆ,

ಮಾತು ವಿಚಿತ್ರ ಕಂಡರೆ ಮಾಫಿ ಇರಲಿ. ಕ್ಯಾಲೆಂಡರನ್ನು ನಾವು ಉದ್ದ ಮಾಡಿಕೊಂಡಿದ್ದೇವೆ, ನಿಮ್ಮ ಎಷ್ಟೋ ಶಬ್ದಗಳನ್ನು ಕಳೆದುಕೊಂಡಿದ್ದೇವೆ.

ನಾನು ಹುಲಿಗೆಪ್ಪ. ಓದಿದ್ದು ಈ ನಡುಗಡ್ಡೆಯ ಶಾಲೆಯಲ್ಲಿ ಏಳನೇ ಇಯತ್ತೆ. ಆದರೂ ಈ ಹೊಳೆಯ ಹನ್ನೆರಡು ಗಡ್ಡೆಗಳಲ್ಲಿ ನನ್ನಂಥ ಓಟಮಾಪಿ ಇನ್ನೊಬ್ಬನಿಲ್ಲ. ಓಟಮಾಪಿ ಎಂದರೆ ನೆಟ್ಟಿನ ಓಟ ಅಳೆದು ಚಾವಡಿಯ ಕರಿಹಲಗೆಯ ಮೇಲೆ ದಿನಾ ಬರೆಯುವವನು. ನಿಮ್ಮಲ್ಲಿ ಮಳೆ ಅಳೆದು ಬರೆಯುತ್ತಿದ್ದರಂತೆ, ಹಾಗೆ. ನಮ್ಮ ಹೊಳೆ ಈಗ ವರ್ಷದುದ್ದಕ್ಕೂ ಇಳಿಯುವುದಿಲ್ಲ. ದೋಣಿ ಗುರುವಾರಕ್ಕೊಮ್ಮೆ. ಉಳಿದ ಆರು ದಿನ ಆಚೆ ದಡದೊಂದಿಗೆ ನಮ್ಮ ನಂಟೆಲ್ಲ ಆ ಓಟದ ಮೇಲೆಯೇ.

ಒಂದು ತಿಂಗಳು ಬಿಡದೆ ಅಂಕಿ ಒಂಬೈನೂರು ದಾಟಿದ ಗಡ್ಡೆಗೆ ಸರಕಾರದವರು ದೂರಗೈ ಕೊಡುತ್ತಿದ್ದರು. ಅದು ಗೋಡೆಗೆ ಕೂಡಿಸಿದ ಎರಡು ಉಕ್ಕಿನ ಕೈ. ಪಟ್ಟಣದ ಆಸ್ಪತ್ರೆಯಲ್ಲಿ ಡಾಕ್ಟರು ಬೆರಳಾಡಿಸಿದಂತೆ ನೆಟ್ಟಿನ ಮೂಲಕ ಇಲ್ಲಿ ಸೂಜಿ ಚುಚ್ಚುತ್ತದೆ. ಕೈ ಬಂದ ಮೇಲೆ ನರ್ಸನ್ನು ವಾಪಸ್ ಕರೆಸಿಕೊಳ್ಳುತ್ತಾರೆ. ಪಕ್ಕದ ಗಡ್ಡೆಯವರಿಗಿಂತ ಮೊದಲು ಕೈ ತರಿಸುತ್ತೇನೆಂದು ನಾನು ಮೀಸೆ ತಿರುವಿದ್ದೆ.

ಅಳೆಯುವ ಯಂತ್ರ ಮೊದಲು ಕೇಳುತ್ತದೆ: ಎಲ್ಲಿಯವರೆಗೆ ಓಡಲಿ? ಆಸ್ಪತ್ರೆ ಎಂದರೆ ಮೂವತ್ತು ದಾಟುತ್ತಿರಲಿಲ್ಲ, ನೆಟ್ಟು ಹೊಳೆ ದಾಟುವ ಒಂದೇ ದಾರಿಯಲ್ಲಿ ಹನ್ನೆರಡು ಗಡ್ಡೆಗಳ ನೂಕುನುಗ್ಗಲು. ನಮ್ಮ ಗಡ್ಡೆಯದೇ ನೆಟ್ಟಿನ ಕಂಬದ ಬುಡದ ಪೆಟ್ಟಿಗೆ ಎಂದರೆ ಒಂಬೈನೂರ ನಲವತ್ತು. ಎರಡೂ ಸುಳ್ಳಲ್ಲ. ನಾನು ದೊಡ್ಡದನ್ನು ಬರೆದೆ.

ನರ್ಸ್ ಹಸೀನಾ ಹಲಗೆಯ ಮುಂದೆ ನಿಂತು ಓದಿದಳು. “ಕಾಕಾ, ನಂಬರ್ ಚೊಲೋ ಐತಿ. ಎಲ್ಲಿ ತನಕ ಹೋಗಿ ಬಂತು ಅದು?”

“ನಿನ್ನ ಸೂಜಿ ನೀ ನೋಡ್ಕೋವಾ,” ಎಂದೆ. ಕಟ್ಟೆಯ ಮೇಲಿದ್ದವರೆಲ್ಲ ನಕ್ಕರು. ನನ್ನ ತಂಗಿ ದುರುಗಮ್ಮ ಎಲ್ಲರಿಗಿಂತ ಜೋರಾಗಿ ನಕ್ಕಳು. ಅಣ್ಣ ಗೆಲ್ಲುವುದೆಂದರೆ ಅವಳಿಗೆ ಹಬ್ಬ.

ಕೈ ಬಂತು. ಹಸೀನಾ ಔಷಧದ ಪೆಟ್ಟಿಗೆಯೊಂದಿಗೆ ದೋಣಿ ಹತ್ತಿದಳು. ಮೂರನೇ ವಾರ, ಶನಿವಾರ ಸಂಜೆ, ಮೀನು ಹಸನು ಮಾಡುತ್ತಿದ್ದ ದುರುಗಮ್ಮನಿಗೆ ಹಾವು ಕಡಿಯಿತು. ಹೊತ್ತು ತಂದು ಕೈಯ ಕೆಳಗೆ ಮಲಗಿಸಿದೆವು. ಅದು ಸೂಜಿ ಎತ್ತಿಕೊಂಡಿತು, ಅವಳ ತೋಳಿನಿಂದ ಗೇಣು ದೂರದಲ್ಲಿ ನಿಂತಿತು. ಡಾಕ್ಟರ ಬೆರಳಿನ ಸುದ್ದಿ ಅರೆಕ್ಷಣ ತಡವಾದರೂ ಕೈ ಕಲ್ಲಾಗಬೇಕು, ಇಲ್ಲದಿದ್ದರೆ ಕಂಡಲ್ಲಿ ಚುಚ್ಚೀತು. ಅದನ್ನು ಮಾಡಿದ್ದೇ ಹಾಗೆ. ಸಂಜೆ ಹೊತ್ತು, ಹೊಳೆಯ ದಾರಿ ಕಿಕ್ಕಿರಿದಿತ್ತು. ನನಗೆ ಬೇರೇನೂ ತೋಚದೆ ಅಳತೆಯ ಗುಂಡಿ ಒತ್ತಿದೆ. ದಿನದ ರೂಢಿಯಂತೆ ಕಂಬದ ಬುಡಕ್ಕೇ ಅಳೆದು ಒಂಬೈನೂರ ನಲವತ್ತು ಎಂದಿತು.

“ಅಣ್ಣಾ, ಚುಚ್ಚಾಕ ಹೇಳೋ ಅದಕ,” ಎಂದಳು ದುರುಗಮ್ಮ. ಅದೇ ಕಡೆಯ ಮಾತು.

ಆಮೇಲೆ ನಾನು ಆಸ್ಪತ್ರೆಯವರೆಗೆ ಅಳೆದು ಬರೆಯತೊಡಗಿದೆ. ಅದೂ ಸಂಜೆ, ಎಲ್ಲರೂ ನೆಟ್ಟು ಬಳಸುವ ಹೊತ್ತಿನಲ್ಲಿ. ನಿನ್ನೆಯ ಅಂಕಿ ಇಪ್ಪತ್ತೇಳು. ಒಂದು ಸುದ್ದಿ ಹೋಗಿ ಬರಲು ಎರಡು ಕ್ಷಣ. ಅದನ್ನೂ ಕೆಳಗೆ ಬರೆಯುತ್ತೇನೆ. ಹನ್ನೆರಡು ಗಡ್ಡೆಗಳಲ್ಲಿ ಕಡೆಯ ಸ್ಥಾನ ನಮ್ಮದು. ಹಾಗಾಗಿಯೇ, ಇಲ್ಲಿಗೆ ಕೈ ಸಾಲದು, ನರ್ಸ್ ಬೇಕು ಎಂದು ಹೋದ ಗುರುವಾರದ ದೋಣಿಯಲ್ಲಿ ಹಸೀನಾಳನ್ನು ನಮ್ಮಲ್ಲಿಗೆ ವಾಪಸ್ ಕಳಿಸಿದರು. ಅವಳು ಹಲಗೆಯ ಮುಂದೆ ನಿಂತು ಕೆಳಗಿನ ಸಾಲಿನವರೆಗೂ ಓದಿದಳು. ಆಮೇಲೆ ಔಷಧದ ಪೆಟ್ಟಿಗೆ ಎತ್ತಿಕೊಂಡು ಒಳಗೆ ನಡೆದಳು.

ನೀವಾದರೂ ಕೇಳಿರಿ, ಹಿರಿಯರೇ. ಅಂಕಿ ದೊಡ್ಡದಿದ್ದಷ್ಟೂ ಕೇಳಿರಿ, ಎಲ್ಲಿ ತನಕ ಎಂದು.

ನಿಮ್ಮ ಕುಡಿ,
ಹುಲಿಗೆಪ್ಪ