ಪ್ರಶಸ್ತಿಯ ದಿನ ಪಾಚಿ ಸಾರು

ವಾಂಡೋ ದ್ವೀಪದ ನನ್ನ ಅಜ್ಜಿಗೆ, ಸಿಯೋಲ್ ನಗರದಿಂದ ಮೊಮ್ಮಗಳು ಬೊರಮ್ ತಲೆಬಾಗಿ ಮಾಡುವ ನಮಸ್ಕಾರ.

ನೀನು ಕಳಿಸಿದ ಕಡಲಪಾಚಿಯ ಕಟ್ಟು, ನಾಟಕ ಮತ್ತು ಸಂಗೀತ ನಾಟಕಗಳಿಗೆ ವರ್ಷದ ಪ್ರಶಸ್ತಿ ಕೊಡುವ ದಿನವೇ ಬೆಳಿಗ್ಗೆ ಬಂದು ಮುಟ್ಟಿತು. ನಿನಗೆ ನನ್ನ ಹುಟ್ಟುಹಬ್ಬ ನೆನಪಿತ್ತು, ಹೊಸ ನಟಿಯ ಪ್ರಶಸ್ತಿಯ ಕಣದಲ್ಲಿ ನಾನೂ ಇರುವುದು ಮರೆತಿತ್ತು. ಸಾರು ಕುದಿಯುವಾಗ ನಮ್ಮ ತಂಡದ ಉಡುಪು ನೋಡಿಕೊಳ್ಳುವ ಒಕ್ಸೂನ್ ಅಕ್ಕ ಬಾಗಿಲಲ್ಲೇ ವಾಸನೆ ಹಿಡಿದು ಕೂಗಿದಳು: “ಅಯ್ಯೋ ಹುಚ್ಚಿ, ಇಂಥ ದಿನ ಯಾರಾದ್ರೂ ಪಾಚಿ ಸಾರು ಕುಡೀತಾರಾ? ಪಾಚಿ ಜಾರೋ ಹಾಗೆ ಕೈಗೆ ಬಂದಿದ್ದೂ ಜಾರಿಹೋಗತ್ತೆ ಕಣೇ!”

“ಹುಟ್ಟಿದಬ್ಬದ ದಿನ ಕುಡೀದೆ ಇದ್ರೆ ಅಜ್ಜಿ ಬೈತಾಳೆ” ಎಂದು ಎರಡು ಬಟ್ಟಲು ಕುಡಿದೆ.

ಸಭಾಂಗಣದ ಮುಂದೆ ಅಭಿಮಾನಿಗಳು ಹೂವಿನ ಬದಲು, ಬಡವರಿಗೆ ಹಂಚಲೆಂದು ಕಳಿಸಿದ ಅಕ್ಕಿ ಮೂಟೆಗಳು, ನಟರ ಹೆಸರಿನ ರಿಬ್ಬನ್ ಕಟ್ಟಿಕೊಂಡು ಮದುಮಕ್ಕಳಂತೆ ನಿಂತಿದ್ದವು. ನನ್ನ ಹೆಸರಿನದೂ ಒಂದಿತ್ತು, ಚಿಕ್ಕದು. ಒಳಗೆ ಹೊಸ ನಟಿಯ ಪ್ರಶಸ್ತಿಗೆ ಬೇರೊಬ್ಬಳ ಹೆಸರು ಕೂಗಿದರು. ನಾನು ಚಪ್ಪಾಳೆ ತಟ್ಟಿದೆ. ಅಕ್ಕ ತಟ್ಟಲಿಲ್ಲ.

ಮನೆಗೆ ಬಂದವಳೇ ಅಕ್ಕ ತಾನೇ ಒಲೆ ಹಚ್ಚಿ ಸಾರು ಬಿಸಿ ಮಾಡಿದಳು. “ಇನ್ನು ಜಾರೋಕೆ ಏನೂ ಉಳಿದಿಲ್ಲ. ನಂಗೂ ಒಂದು ಬಟ್ಟಲು ಹಾಕು” ಅಂದಳು. ಇಬ್ಬರೂ ಸೇರಿ ಪಾತ್ರೆ ಖಾಲಿ ಮಾಡಿದೆವು.

ನನ್ನ ಗಂಟಲು ಚೆನ್ನಾಗಿದೆ, ನಾಳೆಯಿಂದ ಮತ್ತೆ ಪ್ರದರ್ಶನವಿದೆ. ನೀನು ಮಾತ್ರ ಆ ಮಂಡಿನೋವು ಇಟ್ಟುಕೊಂಡು ಪಾಚಿ ಕೀಳಲು ಒದ್ದೆ ಬಂಡೆಗೆ ಇಳಿಯಬೇಡ. ಈ ವರ್ಷ ನಮ್ಮ ಮನೆಯಲ್ಲಿ ಜಾರಿದವಳು ನಾನೊಬ್ಬಳೇ ಸಾಕು.

ನಿನ್ನ ಬೊರಮ್