ಲಂಗದ ಲಾಡಿ

ಅಮ್ಮ,

ದೊಡ್ಡೇರಿಯ ಇಂದ್ರಮ್ಮ ಇವತ್ತು ಮತ್ತೆ ನನ್ನ ಟೈಲರ್ ಅಂಗಡಿಗೆ ಬಂದಿದ್ದರು. ಎರಡು ತಿಂಗಳ ಹಿಂದೆ ಒಂದೇ ಚೀಲದಲ್ಲಿ ರವಿಕೆ, ಲಂಗ ಎರಡನ್ನೂ ತಂದಿದ್ದರು. ರವಿಕೆಯ ತೋಳು ಬಿಗಿ ಮಾಡಬೇಕಿತ್ತು, ಲಂಗದ ಲಾಡಿ ಇನ್ನಷ್ಟು ಉದ್ದ ಮಾಡಬೇಕಿತ್ತು. ತೋಳು ಸೊರಗಿ ಹೊಟ್ಟೆ ಮಾತ್ರ ಬೆಳೆದಿತ್ತು; ನಾನು ಹೊಲಿಯಲಿಲ್ಲ. ಮಲಗಿದರೆ ಉಸಿರು ಕಟ್ಟುತ್ತದೆಯೇ ಎಂದು ಕೇಳಿದೆ.

"ಊಂ ಕಣಮ್ಮ, ಗೋಡೆಗೆ ಒರಗ್ಕೊಂಡೇ ನಿದ್ದೆ ಮಾಡ್ತೀನಿ. ಗ್ಯಾಸ್ಟ್ರಿಕ್ಕು ಅಂತಾರೆ."

ಅಂಗಡಿ ಮುಚ್ಚಿ, ನಾನೇ ಅವರನ್ನು ತುಮಕೂರಿನ ಬಸ್ಸು ಹತ್ತಿಸಿಕೊಂಡು ಆಸ್ಪತ್ರೆಗೆ ಹೋದೆ. ಅಂಡಾಶಯದಲ್ಲಿ ಹದಿನಾಲ್ಕು ಕೆಜಿ ಗಡ್ಡೆ. ತೆಗೆದರು. ಕ್ಯಾನ್ಸರ್ ಅಲ್ಲವಂತೆ.

ನಿನ್ನ ಹೊಟ್ಟೆಯ ಗಡ್ಡೆಯೂ ಕ್ಯಾನ್ಸರ್ ಆಗಿರಲಿಲ್ಲ. ಗಡ್ಡೆಯ ಒತ್ತಡಕ್ಕೆ ಕಾಲಿನಲ್ಲಿ ಹೆಪ್ಪುಗಟ್ಟಿದ ರಕ್ತ ಶ್ವಾಸಕೋಶಕ್ಕೆ ಹೋಗಿತ್ತು, ಅಷ್ಟೆ. ಮೊದಲೇ ಕರೆತಂದಿದ್ದರೆ ಉಳಿಯುತ್ತಿದ್ದರು ಎಂದಿದ್ದರು ಡಾಕ್ಟರು.

ಇವತ್ತು ಇಂದ್ರಮ್ಮ ಅದೇ ಲಂಗ ಚಾಚಿದರು. "ಈಗ ಲಾಡಿ ಉದ್ದ ಆಗ್ಬುಟ್ಟದೆ, ಒಸಿ ಕತ್ತರಿಸ್ಕೊಡಮ್ಮ." ಕತ್ತರಿಸಿಕೊಟ್ಟೆ.

ನೀನು ಹೋದ ವರ್ಷ ನಿನ್ನ ರವಿಕೆಯನ್ನು ಮೂರು ಸಲ ಬಿಗಿ ಮಾಡಿದೆ. ಅದೇ ದಿನಗಳಲ್ಲಿ, ಇದೇ ಮಿಷನ್ನಿನಲ್ಲಿ, ನಿನ್ನ ಲಾಡಿಯನ್ನು ಮೂರು ಸಲ ಉದ್ದ ಮಾಡಿದೆ.

ನಿನ್ನ ಲಂಗ ಇನ್ನೂ ನನ್ನ ಹತ್ತಿರವೇ ಇದೆ. ಲಾಡಿಗೆ ಕೂಡಿಸಿದ ಮೂರು ತುಂಡುಗಳೂ ಬೇರೆ ಬೇರೆ ಬಣ್ಣದವು. ಹೊಲಿಗೆ ಎಲ್ಲೂ ಬಿಟ್ಟಿಲ್ಲ.