ದೂರ ನಿಂತ ಎರಡು ಚುಕ್ಕೆಗಳು

ಭಾನುವಾರ, ಮಧ್ಯಾಹ್ನ

ಅಕ್ಕಾ,

ಅಮ್ಮ ಹೋದ ಮೇಲೆ ನಾವಿಬ್ಬರೂ ಮಾತಾಡಿಲ್ಲ. ಫೋನ್ ಮಾಡಿದರೆ ಇಟ್ಟುಬಿಡುತ್ತೀಯೆಂದು ಬರೆಯುತ್ತಿದ್ದೇನೆ.

ಗ್ರಂಥಾಲಯದಲ್ಲಿ ನನ್ನ ಕೆಲಸ ನಿನಗೆ ಗೊತ್ತಲ್ಲ. ಸಾವಿರಾರು ಕಾದಂಬರಿಗಳನ್ನು ಕಂಪ್ಯೂಟರಿಗೆ ಹಾಕಿ ಅವುಗಳ ನಕ್ಷೆ ಬಿಡಿಸುವುದು. ಒಂದೊಂದು ಪುಸ್ತಕಕ್ಕೆ ಒಂದೊಂದು ಚುಕ್ಕೆ. ಮಾತಿನ ಧಾಟಿ ಹೊಂದುವ ಪುಸ್ತಕಗಳು ಹತ್ತಿರ ಹತ್ತಿರ ಬಂದು ಕೂರುತ್ತವೆ. ಒಬ್ಬರೇ ಬರೆದವು ಒಂದೇ ಮನೆಯವರಂತೆ ಗುಂಪಾಗಿರುತ್ತವೆ. ಈ ವಾರ ಅಮ್ಮನ ಕಾದಂಬರಿಗಳ ಸರದಿ ಬಂತು. ಎಲ್ಲವೂ ಒತ್ತಾಗಿ ಕೂತವು, ಕೊನೆಯ ಎರಡರ ಹೊರತು. ಅವು ಪರದೆಯ ಇನ್ನೊಂದು ಮೂಲೆಯಲ್ಲಿ ನಿಂತಿದ್ದವು.

ಏನೋ ತಪ್ಪಾಗಿರಬೇಕೆಂದು ಮತ್ತೆ ಮತ್ತೆ ಹಾಕಿ ನೋಡಿದೆ. ಆಮೇಲೆ ಯಾಕೋ ಅನುಮಾನ ಬಂದು, ನಾನು ಹಾಸ್ಟೆಲಿನಲ್ಲಿದ್ದಾಗ ನೀನು ಬರೆಯುತ್ತಿದ್ದ ಪತ್ರಗಳನ್ನೂ ಟೈಪ್ ಮಾಡಿ ಸೇರಿಸಿದೆ. ಅವು ನೆಟ್ಟಗೆ ಹೋಗಿ ಆ ಎರಡು ಚುಕ್ಕೆಗಳ ಮಗ್ಗುಲಲ್ಲೇ ಕೂತವು. "ಅಂತೂ ಇಂತೂ" ಅನ್ನದೆ ನಿನಗೆ ಒಂದು ಪುಟ ಮುಗಿಸಲು ಬರುವುದಿಲ್ಲ. ಅಮ್ಮನಿಗೋ ಆ ಮಾತು ಕಂಡರಾಗುತ್ತಿರಲಿಲ್ಲ; ಆದರೂ ಆ ಎರಡು ಪುಸ್ತಕಗಳ ತುಂಬ ಅದೇ ಇದೆ.

ಅಮ್ಮನಿಗೆ ಮರೆವಿನ ಕಾಯಿಲೆಯೆಂದು ನನಗೆ ತಿಳಿದದ್ದು ಅವಳು ಹೋದ ಮೇಲೆ, ಡಾಕ್ಟರ ಬಾಯಿಂದ. "ಅಮ್ಮ ಬರೀತಿದಾಳೆ ಕಣೇ, ಯಾರನ್ನೂ ನೋಡಲ್ವಂತೆ" ಎಂದು ನೀನು ಬಾಗಿಲಲ್ಲೇ ನನ್ನನ್ನು ತಡೆದು ಕಳಿಸುತ್ತಿದ್ದಾಗ, ಒಳಗೆ ಅವಳಿಗೆ ಪೆನ್ನು ಹಿಡಿಯುವುದೂ ಮರೆತಿತ್ತೇ? ಅವಳಿಗೆ ಉಣ್ಣಿಸಿ, ಮಲಗಿಸಿ, ಆಮೇಲೆ ಅವಳಾಗಿ ಕೂತು ಬರೆಯುತ್ತಿದ್ದೆಯಾ? ಒಬ್ಬಳೇ ಹೇಗೆ ತಡೆದುಕೊಂಡೆ ಅಕ್ಕಾ?

ಸಿಟ್ಟಿಲ್ಲ. ಆದರೆ ಒಂದು ವಿಷಯ ಎದೆ ಹಿಂಡುತ್ತಿದೆ. ನನಗಿಷ್ಟವಾದವರನ್ನು ಮದುವೆಯಾಗಿ ನಾನು ಹೊರಟಾಗಿನಿಂದ ಅಮ್ಮ ನನ್ನೊಡನೆ ಮಾತು ಬಿಟ್ಟಿದ್ದಳು. ಅವಳ ಕೊನೆಯ ಕಾದಂಬರಿಯಲ್ಲಿ, ಮನೆ ಬಿಟ್ಟುಹೋದ ಮಗಳು ವಾಪಸು ಬರುತ್ತಾಳೆ. ತಾಯಿ ಬಾಗಿಲು ತೆಗೆದು, "ಊಟ ಆಯ್ತಾ? ಕೈ ತೊಳ್ಕೊಂಡ್ ಬಾ" ಅನ್ನುತ್ತಾಳೆ. ಬೇರೇನೂ ಕೇಳುವುದಿಲ್ಲ. ಅಮ್ಮ ನನ್ನನ್ನು ಕ್ಷಮಿಸಿದಳೆಂದು ನಾನು ನಂಬಿದ್ದು ಆ ಒಂದು ಪುಟದಿಂದ. ಅದನ್ನು ಬರೆದವಳು ನೀನು.

ಅಮ್ಮ ಒಮ್ಮೆಯಾದರೂ ನನ್ನ ಬಗ್ಗೆ ಕೇಳಿದ್ದಳಾ? ಇಲ್ಲವಾದರೆ ಇಲ್ಲವೆಂದೇ ಬರೆ. ನನ್ನ ಸಮಾಧಾನಕ್ಕೆಂದು ಇನ್ನೊಂದು ಕಥೆ ಕಟ್ಟಬೇಡ.

ಇಂತಿ,
ನಿನ್ನ ಮೊಂಡಿ

ತಾ.ಕ.: ನಕ್ಷೆ ಸದ್ಯದಲ್ಲೇ ಗ್ರಂಥಾಲಯದ ಗೋಡೆ ಏರಲಿದೆ. ಆ ಎರಡು ಚುಕ್ಕೆ ಯಾಕಷ್ಟು ದೂರ ಎಂದು ನಮ್ಮ ಮುಖ್ಯಸ್ಥರು ಕೇಳಿದರು. "ವಯಸ್ಸಾದ್ಮೇಲೆ ಅಮ್ಮನ ಮನಸ್ಸು ಮೆತ್ತಗಾಗಿತ್ತು ಸರ್, ಅದಕ್ಕೇ ಬರವಣಿಗೆನೂ ಬದಲಾಯ್ತು" ಅಂದೆ. ಅವರು ನಂಬಿದರು.